ಮಣಿಕಟ್ಟು

ದೀಪಾವಳಿ ಮುಗಿದ ಮ್ಯಾಲ ಸಿನಿಮಾದವರು ವಡಗಾವಿಗೆ ಬಂದ್ರು.
ಮೂರು ವ್ಯಾನು, ಒಂದು ದೊಡ್ಡ ಛತ್ರಿ, ಚಸ್ಮಾದ ಡೈರೆಕ್ಟರ್ ಹುಡುಗ.
ಪುಡಿ ಸೇದಿ ಬಿಟ್ಟವರು ಯಾರರ ಅದಾರೇನು ಅಂತ ಓಣಿ ತುಂಬ ಕೇಳಿದ.
ಮಂದಿ ನನ್ನ ಬಾಗಿಲಾ ತೋರಿಸಿದ್ರು.
ಏಳು ವರ್ಷ ಆದರೂ ಅವರ ಬೆರಳು ದಾರಿ ಮರತಿರಲಿಲ್ಲ.

ದಿನಕ್ಕ ಎರಡು ಸಾವಿರ, ಮೂರು ದಿನ, ಮಧ್ಯಾಹ್ನದ ಊಟ.
ಕೆಲಸ ಇಷ್ಟ: ಹೀರೋಗ ಕಲಿಸೂದು,
ಅಮಲು ಏರಿದಾಗ ಮನುಷ್ಯಾ ಹೆಂಗ ಕೂಡ್ತಾನ,
ಇಳಿದಾಗ ಹೆಂಗ ಹೊದ್ದು ನಡಗ್ತಾನ.

ಹೀರೋ ಚಲೋ ಹುಡುಗ. ಬಿಳೇ ಹಲ್ಲು, ಹೊಟ್ಟಿ ತುಂಬಿದ ಕಣ್ಣು.
ತೂಕಡಿಸು ಅಂದ್ರ ನಿದ್ದಿ ಬಂದವರಂಗ ತೂಕಡಿಸಿದ.
ಹಂಗಲ್ಲೋ ತಮ್ಮಾ, ಅಂದೆ,
ನಿದ್ದಿಗೆ ನೀ ಬೀಳ್ತಿ. ಇದು ನಿನ್ನ ಇಳಸತೈತಿ,
ಬಾವ್ಯಾಗ ಕೊಡ ಇಳಿಸಿದಂಗ, ಹಗ್ಗ ಬ್ಯಾರೆಯವರ ಕೈಯಾಗ.
ಗದ್ದ ಎದಿಗೆ ಹತ್ತಬೇಕು, ಬೀಡಿ ಬೀಳಬಾರದು.
ತುರಿಕಿ ಮೂಗಿಂದ ಸುರು. ಬೆರಳಿಂದ ಕೆರಕೋಬ್ಯಾಡ,
ಮಣಿಕಟ್ಟಿಂದ ತಿಕ್ಕೋ, ಮೆಲ್ಲಕ,
ಬೆಕ್ಕು ಮುಖ ತೊಳಕೊಂಡಂಗ.

"ಹಿಂಗ?" ಅಂದ.
ಹಿಂಗ.
ನಾ ಎದ್ದು ನೀರು ಕುಡಿಯಾಕ ಹೋದೆ.

ದಾವಲ್ ಹಿಂಗ ತಿಕ್ಕೋತಿದ್ದ.
ಮಗ್ಗದ ಜಾಬರ್. ನಾಲ್ಕು ಓಣಿಯ ಪವರ್‌ಲೂಮು
ಕಿವಿಗೊಟ್ಟು ಕೇಳಿ, ಯಾವ ಹಲ್ಲು ಸವದೈತಿ ಹೇಳಾಂವ.
ನಾ ಶೆಡ್ಡಿನ್ಯಾಗ ಕಂಡಿಕಿ ಸುತ್ತಾಕಿ.
"ನಿನ್ನ ಕಂಡಿಕಿ ಬಿಗಿ ಇರತಾವ, ನೂಲು ಹರಿಯಂಗಿಲ್ಲ"
ಅದು ಅವನ ಮೊದಲನೇ ಮಾತು.
ಅಷ್ಟು ಚಂದ ಯಾರೂ ನನ್ನ ಹೊಗಳಿರಲಿಲ್ಲ.
ವರ್ಷ ಒಪ್ಪತ್ತಿನ್ಯಾಗ ಅದ ಖಾಲಿ ಕಂಡಿಕ್ಯಾಗ
ಪನ್ನಿ ಮ್ಯಾಲಿನ ಹೊಗಿ ಎಳೀತಿದ್ವಿ,
ಒಂದು ಉಸಿರು ಅವಂದು, ಒಂದು ನಂದು.
ಸುತ್ತೂ ಮಗ್ಗದ ಸಪ್ಪಳ, ಕೆಮ್ಮಿದರೂ ಯಾರಿಗೂ ಕೇಳತಿರಲಿಲ್ಲ.
ಅವ್ವನ ಬೆಂಡೋಲಿ ಹೋತು, ಅವನ ಪಾನಾದ ಪೆಟ್ಟಿಗಿ ಹೋತು.
ನಿಖಾ ಒಂದು, ಲಗ್ನ ಒಂದು, ಎರಡೂ ಮಾಡೂಣು ಅಂತಿದ್ದ.
ತಾರೀಖು ಮುಂದ ಮುಂದ ಸರೀತಿತ್ತು,
ನಾಳೆ ಬಿಟ್ಟರಾತು ಅನ್ನೂ ಮಾತಿನಂಗ.

ಡೈರೆಕ್ಟರ್ ಕೇಳಿದ: ಕಡೀಕ ಏನಾತು?
ಸತ್ತ, ಅಂದೆ.
ಹೆಂಗ?
ಎಲ್ಲಾರೂ ಹೆಂಗ ಸಾಯತಾರ, ಹಂಗ.
ಬರಕೊಂಡ.

ಹೇಳಲಿಲ್ಲ ನಾ.
ನಲವತ್ತು ದಿನ ಧಾರವಾಡದ ವಾರ್ಡಿನ್ಯಾಗ ಕಾರಿ, ಬೆವತು,
ಕಡೀಕ ಹಸದು ರೊಟ್ಟಿ ತಿಂದು ಬಂದ ದಿನ
ಅಂವ ಶೆಡ್ಡಿನ ಹಿಂದ ನಿಂತಿದ್ದ, ತಲಿ ಬಾಚಿಕೊಂಡು.
ಕೈಯಾಗ ಸಣ್ಣದೊಂದು ಪೊಟ್ಟಣ.
"ನಿನ್ನ ಪಾಲು. ಮುಟ್ಟಿಲ್ಲ ನೋಡು."
ಹೆತ್ತ ತಾಯಿ ಗಂಟು ಬಿಚ್ಚಿದಾಂವ, ರಾತ್ರಿ ಗ್ವಾಡಿ ಕೆರದಾಂವ
ನಲವತ್ತು ದಿನ ಅದನ್ನ ಮುಟ್ಟಿರಲಿಲ್ಲ.
ಅದಕ್ಕಿಂತ ದೊಡ್ಡ ಪ್ರೀತಿ ನಾ ಕಂಡಿಲ್ಲ.
ಒಲ್ಲೆ, ಅಂದೆ.
ಒಂದ ಶಬ್ದ. ಬಿಗಿ ಸುತ್ತಿದ್ದೆ, ಹರೀಲಿಲ್ಲ.
ಆ ರಾತ್ರಿ ಇಬ್ಬರ ಪಾಲೂ ಅಂವ ಒಬ್ಬಾಂವನ ಉಂಡ.

ಸಿನಿಮಾದಾಗ ಹೀರೋ ಆಕಿ ತೊಡಿ ಮ್ಯಾಲ ಸಾಯತಾನಂತ,
ಮಾತಾಡಿ, ಮಾತಾಡಿ.
ನನಗ ಗೊತ್ತಿಲ್ಲ. ಅಲ್ಲೀತನ ನಾ ಕೂತಿಲ್ಲ.
ಖಡೇಬಜಾರಕ್ಕ ನೂಲು ತರೂ ನೆವ ಹೇಳಿ
ಐದು ದಿನ ಮ್ಯಾಟಿನಿಗೆ ಹೋದೆ.
ಇಂಟರ್ವಲ್ ಆಗಿ ತುಸು ಹೊತ್ತಿಗೆ, ನೀಲಿ ಗ್ವಾಡಿಗೆ ಆತು ಕೂತು
ಆ ಬಿಳೇ ಹಲ್ಲಿನ ಹುಡುಗ
ಮೆಲ್ಲಕ ಕೈ ಎತ್ತಿ, ಮಣಿಕಟ್ಟಿಂದ, ಮೂಗು
ಎಣಿಸೇನಿ. ಹನ್ನೊಂದರತನ ಬರತಾನ.
ಆಮ್ಯಾಲ ಕತ್ತಲದಾಗ ಚಪ್ಪಲಿ ಹುಡುಕತೀನಿ.

ಬಾಗಲಾ ಕಾಯೂ ಅಜ್ಜ ಕೇಳಿದ,
ದಿನಾ ಅರ್ಧಾಕ್ಕ ಹೊಂಟೀಯಲ್ಲವಾ, ಪೂರಾ ನೋಡೂದಿಲ್ಲ?
ಮುಂದಿಂದು ಸುಳ್ಳೈತಿ ಯಜ್ಜಾ, ಅಂದೆ.

ಶುಕ್ರವಾರ ಹೋದರ ಬ್ಯಾರೆ ಪೋಸ್ಟರ್.
ಅಂಟು ಇನ್ನೂ ಹಸಿ, ಒಂದು ಮೂಲಿ ಗಾಳಿಗೆ ಎದ್ದಿತ್ತು.
ಯಾಕೋ ಒತ್ತಿ ಕೂಡಿಸಿದೆ.
ಬೆರಳೆಲ್ಲ ಅಂಟು. ಅದ ಹೊತ್ತಿಗೆ ಮೂಗು ತುರಿಸಿತು.
ಮಣಿಕಟ್ಟಿಂದ ತಿಕ್ಕೊಂಡೆ.